ನಾನೂರು ಎಂಟುನೂರಾದದ್ದು

ಇದ್ದದ್ದನ್ನು ಎರಡರಷ್ಟು ಮಾಡಿ ತೋರಿಸುತ್ತೇವೆ ಎನ್ನುವವರನ್ನು ನಾನು ಸಾಮಾನ್ಯವಾಗಿ ನಂಬುವುದಿಲ್ಲ. ಚುನಾವಣೆಗೆ ನಿಂತವರನ್ನು ನಂಬಿಲ್ಲ, ಹೆಣ್ಣು ಕೇಳಲು ಬಂದು ಹುಡುಗನ ಹೊಲದ ಎಕರೆ ಹೇಳುವ ಬೀಗರನ್ನಂತೂ ನಂಬಿಯೇ ಇಲ್ಲ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದ್ದರ ಫಲ ಇದು. ಸಾರಿಗೆ ಉಪ್ಪು ಹಾಕಿದ್ದೇನೆ ಎಂದು ಹೆಂಡತಿ ಹೇಳಿದರೂ ರುಚಿ ನೋಡದೆ ಒಪ್ಪಿದವನಲ್ಲ. ರಾಯಚೂರಿನ ಕಾಲೇಜೊಂದರಲ್ಲಿ ಮಕ್ಕಳಿಗೆ ಅನುಮಾನ ಪಡುವುದನ್ನು ಕಲಿಸಿ ಸಂಬಳ ತೆಗೆದುಕೊಳ್ಳುವ ಇಂಥ ನಾನು, ಹಿಡಿಯೊಳಗೆ ಕೂರುವಂಥ ಒಂದು ಕಪ್ಪು ಕೊಳವೆಯನ್ನು ಒಂದೇ ಮಾತಿಗೆ ನಂಬಿಬಿಟ್ಟೆ. ಅದರ ಹೆಸರು ಟೆಲಿಕನ್ವರ್ಟರ್. ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಅದನ್ನು ಸಿಕ್ಕಿಸಿದರೆ ಸಾಕು, ದೂರದಲ್ಲಿರುವುದು ಚಿತ್ರದಲ್ಲಿ ಎರಡರಷ್ಟು ದೊಡ್ಡದಾಗುತ್ತದೆ.

ಅದನ್ನು ನನಗೆ ದಾಟಿಸಿದವನು ದೇವದುರ್ಗದಲ್ಲಿ ಮದುವೆ ಫೋಟೋ ತೆಗೆಯುವ ಖಾಜಾ. ಅವನು ಮೋಸ ಮಾಡಿದ ಎಂದು ಹೇಳಲಾರೆ. ಎಲ್ಲವನ್ನೂ ಬಿಡಿಸಿ ಹೇಳಿಯೇ ಕೊಟ್ಟ. “ಸರ್ರ, ನಿಮ್ಮ ನಾನೂರು ಮಿಲಿಮೀಟರಿನ ಲೆನ್ಸು ಎಂಟುನೂರು ಆಗ್ತದ, ಖರೆ. ಆದ್ರ ಇದು ಬೆಳಕು ಭಾಳ ತಿಂತದ. ನಾಕು ಪಾಲು ಬೆಳಕು ಬಂದ್ರ ಮೂರು ಪಾಲು ಇದರ ಹೊಟ್ಟಿಗೇ. ಫೋಕಸ್ಸು ಅಂತೂ ಕತ್ತಲದಾಗ ಚಪ್ಪಲಿ ಹುಡುಕಿದಂಗ ಹುಡುಕ್ಯಾಡತದ.”

“ಹಂಗಾದ್ರ ನೀ ಯಾಕ ತಗೊಂಡಿದ್ದಿ?”

“ನಿಮ್ಮಂಗ ನಾನೂ ಆಸಿಬುರುಕ ಇದ್ದೆ ಸರ್ರ. ಆಮ್ಯಾಲ ತಿಳೀತು, ಮದಿವ್ಯಾಗ ಎಂಟುನೂರು ಯಾಕ ಬೇಕು? ಮದುಮಗಳು ಎಲ್ಲಿ ಓಡಿ ಹೋಗ್ತಾಳ?”

ನನಗೆ ಬೇಕಾಗಿದ್ದುದು ಓಡಿಹೋಗುವವರ ಫೋಟೋ ಆಗಿತ್ತು. ಅಂದರೆ ನನ್ನ ಅಕ್ಕನದು. ಅವಳು ಮಾನ್ವಿ ಕಡೆಯ ಕಲ್ಲೂರಿನಲ್ಲಿದ್ದಳು. ಹತ್ತಿ ಬಿಡಿಸುವ, ಕಳೆ ತೆಗೆಯುವ ಕೂಲಿ ಮಾಡಿ ನನ್ನ ಓದಿಗೆ ಹಣ ಕಳಿಸಿದವಳು, ನಾನು ನೌಕರಿ ಹಿಡಿದ ಮೇಲೂ “ಕುಂತ್ರ ಮೊಳಕಾಲು ಹಿಡೀತಾವೋ” ಎಂದು ಅದೇ ಕೆಲಸಕ್ಕೆ ಹೋಗುತ್ತಿದ್ದವಳು. ಕ್ಯಾಮೆರಾ ಕಂಡೊಡನೆ ಒಳಗೆ ಓಡುತ್ತಿದ್ದಳು. ಹೊರಗೆ ಬರುವಾಗ ಮುಖಕ್ಕೆ ಪೌಡರು, ಮೈಮೇಲೆ ಹಸಿರು ಇಳಕಲ್ ಸೀರೆ. ಕುರ್ಚಿಯ ಮೇಲೆ ಕೂತು, ಎರಡೂ ಕೈ ಮೊಳಕಾಲ ಮೇಲಿಟ್ಟು, ಠಾಣೆಯಲ್ಲಿ ಗುರುತು ಹಿಡಿಸಲು ಕೂರಿಸಿದವರ ಹಾಗೆ ಕಣ್ಣರಳಿಸುತ್ತಿದ್ದಳು.

“ಹಂಗ ಬ್ಯಾಡ ಅಕ್ಕಾ. ನೀ ಇದ್ದಂಗ ಇರು.”

“ಇದ್ದಂಗ ದಿನಾ ಇರ್ತೀನಲ್ಲೋ. ಅದಕ್ಕ ಫೋಟೋ ಯಾಕ ಬೇಕು?”

ನಾನು ಕ್ಯಾಮೆರಾ ಇಳಿಸಿಬಿಡುತ್ತಿದ್ದೆ. ಸಹಜವಲ್ಲದ ಚಿತ್ರ ಸುಳ್ಳು ದಾಖಲೆ ಎಂಬುದು ನನ್ನ ಪಾಂಡಿತ್ಯ. ಅವಳಿಗೆ ಗೊತ್ತಾಗದಂತೆ, ಅವಳು ಅವಳಾಗಿಯೇ ಇರುವಾಗ ದೂರದಿಂದ ತೆಗೆಯಬೇಕೆಂದು ಖಾಜಾನ ಕೊಳವೆಯನ್ನು ಸಿಕ್ಕಿಸಿಕೊಂಡು ರಜೆಯ ದಿನ ಹೊಲದ ಬದುವಿನ ಜಾಲಿ ಮರದಡಿ ಕೂರತೊಡಗಿದೆ.

ಬೆಳಕಿಗೆ ನಮ್ಮ ಸೀಮೆಯಲ್ಲಿ ಏನು ಬರ, ಎಂದುಕೊಂಡಿದ್ದೆ. ಕೂಲಿಯವರು ಹೊಲಕ್ಕೆ ಇಳಿಯುವುದು ನಸುಕಿನಲ್ಲಿ. ಆಗಿನ ಬೆಳಕು ಕೊಳವೆಯ ನಾಷ್ಟಾಕ್ಕೂ ಸಾಲದು. ಷಟರ್ ನಿಧಾನವಾಗಿ ಬಿದ್ದು ಅಕ್ಕ ಒಂದು ಉದ್ದನೆಯ ಗೀರಾಗುತ್ತಿದ್ದಳು. ಬೆಳಕು ಬರಲಿ ಎಂದು ಕಾದರೆ, ಬೆಳಕಿನ ಜೊತೆಗೆ ಬಿಸಿಲೂ ಬರುತ್ತದೆ. ಎರೆಭೂಮಿ ಕಾದು ಗಾಳಿ ಕುದಿಯುವ ನೀರಿನ ಹಾಗೆ ಕುಣಿಯುತ್ತದೆ. ಕೊಳವೆ ಆ ಕುಣಿತವನ್ನೂ ಎರಡರಷ್ಟು ಮಾಡುತ್ತದೆ. ಲೆನ್ಸಿನ ದೋಷ ಎರಡರಷ್ಟು, ಕೈಯ ನಡುಕ ಎರಡರಷ್ಟು. ಯೋಚಿಸಿದರೆ, ರಾಯಚೂರು ಜಿಲ್ಲೆಯಲ್ಲಿ ಟೆಲಿಕನ್ವರ್ಟರ್ ಬಳಸಲು ಯೋಗ್ಯವಾದ ಹೊತ್ತು ದಿನದಲ್ಲಿ ಇಲ್ಲವೇ ಇಲ್ಲ. ಆದರೆ ಸೋಲು ಒಪ್ಪುವುದನ್ನು ವಿಶ್ವವಿದ್ಯಾಲಯ ಕಲಿಸಿರಲಿಲ್ಲ. ಮನೆಗೆ ಬಂದು ಹೆಂಡತಿಗೆ, “ಅಕ್ಕ ಒಂದು ಕ್ಷಣ ಸುಮ್ಮನೆ ನಿಲ್ಲುವುದಿಲ್ಲ ನೋಡು” ಎಂದು ಹೇಳುತ್ತಿದ್ದೆ.

ಕಳೆದ ಮಳೆಗಾಲದಲ್ಲಿ ಅಕ್ಕನಿಗೆ ಜ್ವರ ಬಂತು. ರಾಯಚೂರಿನ ಆಸ್ಪತ್ರೆಗೆ ತಂದೆವು. ಮನೆಗೆ ಕರೆದೊಯ್ಯಲಾಗಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಬುದ್ಧನ ಪಟದ ಪಕ್ಕದಲ್ಲಿಡಲು ಅವಳದೊಂದು ಫೋಟೋ ಬೇಕಾಯಿತು. ಎಲ್ಲರೂ ನನ್ನತ್ತ ನೋಡಿದರು. ಕ್ಯಾಮೆರಾ ಇದ್ದವನು ನಾನಲ್ಲವೇ? ಅಕ್ಕನ ಮಗಳು ಸುಜಾತಾ ನನ್ನ ಪಕ್ಕ ಕೂತು ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಚಿತ್ರ ಸರಿಸಿದಳು. ಹತ್ತಿಯ ಬಿಳುಪು, ಅದರ ನಡುವೆ ಹಸಿರು ಬಣ್ಣದ ಒಂದು ಕಲೆ. ಮುಂದಿನದರಲ್ಲಿ ಅದೇ ಕಲೆ ಸ್ವಲ್ಪ ಓರೆಯಾಗಿ. ದೊಡ್ಡದು ಮಾಡಿದಷ್ಟೂ ಕಲೆಯೇ ದೊಡ್ಡದಾಯಿತು.

“ಮಾವ, ಇಷ್ಟೊಂದು ಫೋಟೋದಾಗ ನಮ್ಮವ್ವನ ಮಾರಿ ಎಲ್ಲ್ಯದ?” ಎಂದು ಕೇಳಿದಳು. ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ಹುಡುಕುತ್ತಿದ್ದಳು.

ಕೊನೆಗೆ ಅವಳ ಫೋನಿನಲ್ಲಿ ಒಂದು ಸಿಕ್ಕಿತು. ತಾಯಿ ಮಗಳು ಕೆನ್ನೆಗೆ ಕೆನ್ನೆ ಹಚ್ಚಿ ತೆಗೆದುಕೊಂಡದ್ದು. ಫೋನು ತನ್ನ ಧರ್ಮದಂತೆ ಅಕ್ಕನ ಸುಕ್ಕುಗಳನ್ನೆಲ್ಲ ಇಸ್ತ್ರಿ ಮಾಡಿ, ಕೆನ್ನೆಗೆ ದಾಳಿಂಬೆಯ ರಂಗು ಬಳಿದಿತ್ತು. ಟ್ರಾಕ್ಟರಿನಿಂದ ಬಿದ್ದಾಗ ಹುಬ್ಬಿನ ಮೇಲೆ ಆದ ಗಾಯದ ಗುರುತೂ ಮಾಯವಾಗಿತ್ತು. ನಾನು ಸುಮ್ಮನಿರಬೇಕಿತ್ತು. “ಇದು ಅವಳಲ್ಲ, ಎಡ ಹುಬ್ಬಿನ ಮ್ಯಾಲಿನ ಗಾಯ ಎಲ್ಲ್ಯದ?” ಎಂದೆ.

“ಎಡಕ್ಕಲ್ಲ ಮಾವ, ಬಲಕ್ಕ ಇತ್ತು” ಎಂದಳು ಸುಜಾತಾ.

ಅಲ್ಲಿಂದ ಶುರುವಾಯಿತು ನನ್ನ ಸಂಕಟ. ಎದುರಿಗೆ ಕೂತು ಉಂಡವನಿಗೆ ಅವಳ ಬಲ ತನ್ನ ಎಡವಾಗಿ ಕಾಣುತ್ತದಲ್ಲ; ನಾನು ನೆನಪಿಟ್ಟುಕೊಂಡದ್ದು ಯಾರ ಎಡ? ಕಣ್ಣು ಮುಚ್ಚಿದರೆ ಗಾಯ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಆಮೇಲೆ ಗಾಯವೇ ಇತ್ತೋ, ಟ್ರಾಕ್ಟರಿನ ಕಥೆಯಿಂದ ನಾನೇ ಹುಟ್ಟಿಸಿಕೊಂಡೆನೋ ಎಂಬ ಅನುಮಾನ. ಅಷ್ಟೂ ಚಿತ್ರಗಳನ್ನು ಮತ್ತೆ ತೆರೆದು ಕೂತೆ. ಎಂಟುನೂರು ಮಿಲಿಮೀಟರಿನಲ್ಲಿ ನನ್ನ ಅಕ್ಕನಿಗೆ ಹುಬ್ಬೇ ಇರಲಿಲ್ಲ. ಕನ್ವರ್ಟರು ಲೆನ್ಸು ಕಂಡದ್ದನ್ನಷ್ಟೇ ಹಿಗ್ಗಿಸಬಲ್ಲದು, ಕಾಣದ್ದನ್ನು ತಂದುಕೊಡಲಾರದು. ನನ್ನ ತಲೆಯೂ ಅಷ್ಟೇ ಎಂದು ಗೊತ್ತಾದಾಗ ಹೆದರಿಕೆಯಾಯಿತು.

ದಾಳಿಂಬೆ ಕೆನ್ನೆಯ ಅಕ್ಕನಿಗೇ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಅವಳ ಜೊತೆ ಹತ್ತಿ ಬಿಡಿಸುತ್ತಿದ್ದ ಹನುಮವ್ವ ಅದನ್ನು ನೋಡಲು ಬಂದಳು. ತುಂಬ ಹೊತ್ತು ನೋಡಿ, “ಚೆಂದ ಬಂದಾಳ. ನೀ ತೆಗದದ್ದೇನು ತಮ್ಮಾ?” ಎಂದಳು.

“ಅಲ್ಲವ್ವ. ನಾ ತೆಗೆದದ್ದು ಒಂದೂ ಬರಲಿಲ್ಲ. ಅಕ್ಕ ಅಲ್ಲಾಡಿಬಿಡ್ತಿದ್ದಳು.”

“ಯಾರು, ಆಕಿ ಅಲ್ಲಾಡ್ತಿದ್ಲಾ?” ಹನುಮವ್ವನಿಗೆ ಆಶ್ಚರ್ಯ. “ಯಪ್ಪಾ, ನೀ ಗಿಡದ ಬುಡಕ ಕುಂತದ್ದು ಊರಿಗೆಲ್ಲ ಕಾಣತಿತ್ತು, ಅಷ್ಟು ದಪ್ಪ ದುರ್ಬೀನು ಹಿಡಕೊಂಡು. ರಜಾ ಬಂದ್ರ ಸಾಕು, ಆಕಿ ಹೊಲಕ್ಕ ಪೌಡರ್ ಹಚಿಗೊಂಡು, ಹಸರ ಸೀರಿ ಉಟಗೊಂಡು ಬರ್ತಿದ್ಲು. ಹತ್ತಿ ಬಿಡಸಾಕ ಇಳಕಲ್ ಸೀರಿ! ನಾವು ನಕ್ಕಿದ್ದೇ ನಕ್ಕಿದ್ದು. ನೀ ಕಣ್ಣಿಗೆ ಹಚಿಗೊಂಡಿ ಅಂದ್ರ ಕೈ ಹಂಗೇ ಬಿಟ್ಟು ಕಂಬದಂಗ ನಿಂದರ್ತಿದ್ಲು. ‘ಕೆಲಸ ಮಾಡಬೇ’ ಅಂದ್ರ, ‘ತಡೀರಿ, ತಮ್ಮನ ಫೋಟೋ ಕೆಡತದ’ ಅಂತಿದ್ಲು.”

ಹನುಮವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಮುಂದುವರಿಸಿದಳು:

“ನಾ ಒಮ್ಮಿ ಕೇಳಿದೆ, ಅಂವ ಅಷ್ಟು ದೂರ ಯಾಕ ಕುಂದರ್ತಾನ, ನೌಕರಿ ಮನುಷ್ಯಾ, ಕೂಲಿ ಮಂದಿ ನಡುವ ಬರಾಕ ನಾಚಿಕೇನು ಅಂತ. ನಿಮ್ಮಕ್ಕ ನನ್ನ ಮೈಮ್ಯಾಲೇ ಬಂದ್ಲು. ‘ನಿನಗೇನ್ ಗೊತ್ತಬೇ? ಅದು ದೂರದ ಕ್ಯಾಮೆರಾ. ಹತ್ರ ಇದ್ದೋರು ಅದಕ್ಕ ಕಾಣಂಗಿಲ್ಲ’ ಅಂದ್ಲು.”

ಇದು ತಪ್ಪು. ಲೆನ್ಸು ಮೊದಲು ಎಷ್ಟು ಹತ್ತಿರದ್ದನ್ನು ಹಿಡಿಯುತ್ತಿತ್ತೋ, ಟೆಲಿಕನ್ವರ್ಟರ್ ಹಾಕಿದ ಮೇಲೂ ಅಷ್ಟೇ ಹತ್ತಿರದ್ದನ್ನು ಹಿಡಿಯುತ್ತದೆ. ಅದಕ್ಕೆ ನೂರು ಮಿತಿಗಳಿದ್ದರೂ ಈ ಮಿತಿ ಅದರದಲ್ಲ. ಎದ್ದು ನಾಲ್ಕು ಸಾಲು ದಾಟಿ ಹೋಗಿದ್ದರೆ ಹುಬ್ಬು, ಗಾಯ, ಪೌಡರು ಎಲ್ಲವೂ ಸಿಗುತ್ತಿತ್ತು. ತಪ್ಪು ಮಾಹಿತಿ ಊರಲ್ಲಿ ಉಳಿಯಬಾರದು ಎಂದು ಅಭ್ಯಾಸಬಲದಿಂದ ತಿದ್ದಲು ಬಾಯಿ ತೆರೆದೆ.

“ಖರೇನೇ ಅಲ್ಲೇನು ತಮ್ಮಾ?” ಎಂದಳು ಹನುಮವ್ವ.

“ಖರೆ ಅದವ್ವ” ಎಂದೆ. “ಅದಕ್ಕ ಕಾಣಂಗಿಲ್ಲ.”