ಘಟ್ಟ ಇಳಿದ ಅಜ್ಜ

ತಪ್ಪು ಹೊರಿಸುವುದಕ್ಕೆ ಪ್ರತಿ ಮನೆಯಲ್ಲೂ ಒಬ್ಬರು ಬೇಕು. ಅವರು ಎದುರಿಗಿಲ್ಲದಿದ್ದರೆ ಇನ್ನೂ ಅನುಕೂಲ. ನಮ್ಮ ಮನೆಯಲ್ಲಿ ಆ ಹುದ್ದೆ ಅಜ್ಜ ದ್ಯಾವಯ್ಯನದು. ವಸ್ತಾರೆ ಕಡೆಯಿಂದ ಮೂಡಿಗೆರೆಯಾಚೆಯ ಕಾಫಿ ಎಸ್ಟೇಟಿಗೆ ಕೂಲಿಗೆ ಹೋದವನು ತಿರುಗಿ ಬರಲಿಲ್ಲ. ಬಸುರಿ ಅಜ್ಜಿ ಹುಡುಕಿಕೊಂಡು ಹೋದಾಗ ಗೇಟಿನ ಹತ್ತಿರ ಮೇಸ್ತ್ರಿ, "ನಿನ್ ಗಂಡ ಘಟ್ಟ ಇಳ್ದ ಕಣಮ್ಮ" ಅಂದನಂತೆ. ಘಟ್ಟದ ಕೆಳಗೆ ನಮಗೆ ನೆಂಟರಿಲ್ಲ, ಇಷ್ಟರಿಲ್ಲ. ಅಂದಮೇಲೆ ಯಾವಳ ಹಿಂದೆಯೋ ಹೋಗಿದ್ದಾನೆ ಎಂದು ಅಜ್ಜಿ ತೀರ್ಮಾನಿಸಿದಳು. ಸಾಯುವವರೆಗೂ ದಿನಾ ಹಣೆಗೆ ಕುಂಕುಮ ಇಟ್ಟುಕೊಳ್ಳುತ್ತಾ ಅವನಿಗೆ ಶಾಪ ಹಾಕಿದಳು. ಆ ಬಸಿರಲ್ಲಿ ಹುಟ್ಟಿದವರು ನಮ್ಮಪ್ಪ. ಅಪ್ಪನ ಅಕ್ಕ ಪುಟ್ಟತ್ತೆಗೆ 'ಓಡಿಹೋದವನ ಮಗಳು' ಎಂದು ಗಂಡೇ ಸಿಗಲಿಲ್ಲ. ಲಾಭವಾದದ್ದು ನನಗೊಬ್ಬನಿಗೇ. ಮದುವೆಮನೆಯಲ್ಲಿ ಬಡಿಸುವ ಹೊತ್ತಿಗೆ ನಾನು ಮಾಯವಾದರೆ, ಹೆಂಡತಿಯ ಅಣ್ಣಂದಿರು ಜಗಳಕ್ಕೆ ಬಂದಾಗ ಹಿತ್ತಲ ಬಾಗಿಲಿಂದ ಜಾರಿಕೊಂಡರೆ, "ಅಜ್ಜನ ರಕ್ತ, ಏನು ಮಾಡೋಕಾಗುತ್ತೆ" ಎನ್ನುತ್ತಿದ್ದರು. ನಾನೂ ಹೌದೆನ್ನುತ್ತಿದ್ದೆ.

ಆ ಕಾಣದ ಹೆಂಗಸಿಗೆ ನಮ್ಮ ಮನೆಯವರೆಲ್ಲ ಸೇರಿ ಮೂಗುತಿ ತೊಡಿಸಿದ್ದೆವು, ಮೀನುಸಾರು ಮಾಡಲು ಕಲಿಸಿದ್ದೆವು. ಹೆಸರೊಂದು ಮಾತ್ರ ಗೊತ್ತಿರಲಿಲ್ಲ. ನಾನು ಮೇಷ್ಟ್ರು. ಜನಗಣತಿಗೆ ನನ್ನನ್ನು ಅದೇ ಎಸ್ಟೇಟಿನ ಕೂಲಿಯವರ ಲೈನ್‌ ಮನೆಗಳಿಗೆ ಹಾಕಿದ್ದಾರೆಂದು ತಿಳಿದದ್ದೇ, ಹಾಸಿಗೆ ಹಿಡಿದಿದ್ದ ಪುಟ್ಟತ್ತೆ ಎದ್ದು ಕೂತಳು. "ಅವಳ ಹೆಸರು ತಿಳ್ಕೊಂಡ್ ಬಾ ಮಾರಾಯ. ಸಾಯೋದ್ರೊಳಗೆ ಒಂದ್ಸಲ ಹೆಸರು ಹಿಡಿದು ಬೈಬೇಕು."

ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಗೆ ವಿಷಯ ಹೇಳಿದೆ. ಅವರು ಅಟ್ಟದಿಂದ ಎರಡು ಹಳೆಯ ಪುಸ್ತಕ ಇಳಿಸಿದರು. ಒಂದು ಲೈನಿನ ತಲೆಎಣಿಕೆಯದು. ಇನ್ನೊಂದು ಮಣ್ಣು ಮಾಡಿದವರದು. ಗುಂಡಿ ತೋಡಿದ ಆಳುಗಳಿಗೆ ಹಾಜರಿ ಹಾಕಬೇಕಿತ್ತಲ್ಲ, ಆ ನೆಪದಲ್ಲಿ ಸತ್ತವರ ಹೆಸರೂ ಉಳಿದುಕೊಂಡಿತ್ತು. ತಲೆಎಣಿಕೆಯಲ್ಲಿ ವಸ್ತಾರೆ ದ್ಯಾವಯ್ಯನ ಮುಂದೆ 'ಘಟ್ಟ ಇಳಿದ' ಎಂದಿತ್ತು. ಅವನೊಬ್ಬನೇ ಅಲ್ಲ, ಆ ಪುಟದಲ್ಲಿ ಅರ್ಧ ಲೈನೇ ಘಟ್ಟ ಇಳಿದಿತ್ತು. ಇಷ್ಟು ಜನ ಒಟ್ಟಿಗೆ ಯಾವಳ ಹಿಂದೆ ಹೋದರಪ್ಪ ಎಂದು ನಗು ಬಂತು. ಅಷ್ಟರಲ್ಲಿ ರೈಟರು ಇನ್ನೊಂದು ಪುಸ್ತಕ ತೆರೆದು ಪಕ್ಕಕ್ಕಿಟ್ಟರು. ಅದರಲ್ಲೂ ಅವೇ ಹೆಸರುಗಳು. ವಸ್ತಾರೆ ದ್ಯಾವಯ್ಯ, ಚಳಿಜ್ವರ.

"ಸತ್ತ ಅಂತ ಬಾಯಿ ಬಿಟ್ರೆ ಉಳಿದ ಆಳುಗಳು ಹೆದರಿ ಗಂಟುಮೂಟೆ ಕಟ್ಟೋರು ಸಾರ್" ಎಂದರು ರೈಟರು. "ಹಂಗಾಗಿ ಯಾರು ಕೇಳಿದ್ರೂ ಘಟ್ಟ ಇಳ್ದ, ಊರಿಗೆ ಹೋದ ಅನ್ನೋದು. ನಮ್ಮಪ್ಪನೂ ಇಲ್ಲೇ ರೈಟರಾಗಿದ್ರು, ಅವ್ರು ಹೇಳೋರು."

ಮಣ್ಣು ಮಾಡಿದ ಜಾಗದಲ್ಲಿ ಈಗ ರೊಬಸ್ಟಾ ಇದೆ. ಚೆನ್ನಾಗಿಯೇ ಬಂದಿದೆ. ನಿಂತು ಕೈಮುಗಿದೆ, ಅಳು ಬಂತು. ಪಕ್ಷದ ಹಬ್ಬದಲ್ಲಿ ಯಾರ್ಯಾರಿಗೋ ಎಡೆ ಇಟ್ಟಿದ್ದೇವೆ, ಇವನಿಗೆ ಒಂದು ತುತ್ತು ಇಟ್ಟವರಿಲ್ಲ. ಅಜ್ಜಿ ಬಂದು ನಿಂತಿದ್ದ ಗೇಟು ಅಲ್ಲಿಂದ ಕಾಣುತ್ತದೆ.

ಮನೆಗೆ ಬಂದಾಗ ಪುಟ್ಟತ್ತೆ ಬೈಯಲು ಸಿದ್ಧವಾಗಿ ದಿಂಬಿಗೆ ಒರಗಿ ಕೂತಿದ್ದಳು. ಸುಳ್ಳು ಹೇಳೋಣ ಅನ್ನಿಸಿತು. ಬಾಯಿಗೆ ಒಂದು ಹೆಸರೂ ಬಂದಿತ್ತು. ಕೊನೆಗೆ ಇದ್ದದ್ದನ್ನೇ ಹೇಳಿದೆ.

"ಹಂಗಾರೆ ಅಪ್ಪ ಎಲ್ಲಿಗೂ ಹೋಗಿರ್ಲಿಲ್ಲ."

"ಇಲ್ಲ ಅತ್ತೆ."

"ಮತ್ತೆ ಇಷ್ಟು ವರ್ಷ ನಾನು ಬೈದಿದ್ದು ಯಾರಿಗೆ?"

ಫೋನ್ ಬಂತೆಂದು ಸುಳ್ಳು ನೆಪ ಹೇಳಿ ಹಿತ್ತಲಿಗೆ ಜಾರಿಕೊಂಡೆ. ಒಳಗೆ ಅವಳು ಅಳುವುದು ಕೇಳುತ್ತಿತ್ತು. ಕಿವಿಗೆ ಫೋನ್ ಹಿಡಿದು ನಿಂತಾಗಲೇ ಹೊಳೆದದ್ದು, ಅಜ್ಜ ಹೋದಲ್ಲಿಂದ ಕದಲಿದವನೇ ಅಲ್ಲ. ನಮ್ಮ ವಂಶದಲ್ಲಿ ಓಡಿಹೋಗುವವನು ನಾನೊಬ್ಬನೇ.