ಕೋದಂಡಪ್ಪ ತಂದ ಪ್ರೊಜೆಕ್ಟರು

ಮದರಾಸಿನಿಂದ ರೈಲು ಪಾರ್ಸೆಲ್ಲಿನಲ್ಲಿ ಬಂದ ಒಂದು ಪುಟ್ಟ ಮರದ ಪೆಟ್ಟಿಗೆಯೇ ಅವತ್ತಿನ ಅನರ್ಥಕ್ಕೆಲ್ಲ ಮೂಲ. ಅದರೊಳಗೆ ಹತ್ತಿಯಲ್ಲಿ ಸುತ್ತಿದ ಆರು ಗಾಜಿನ ಸ್ಲೈಡುಗಳಿದ್ದವು. ಮೊದಲನೆಯದರಲ್ಲಿ ಒಬ್ಬ ಬೋಳುತಲೆಯ ಮನುಷ್ಯ. ಎರಡನೆಯದರಲ್ಲಿ ಅದೇ ತಲೆಯ ಮೇಲೆ ಗರಿಕೆ ಚಿಗುರಿದಂತೆ ನಾಲ್ಕು ಕೂದಲು. ಹೀಗೇ ಬೆಳೆಯುತ್ತ ಬೆಳೆಯುತ್ತ ಆರನೆಯದರಲ್ಲಿ ಹುಡುಕಿದರೆ ಹಕ್ಕಿಗೂಡು ಸಿಗಬಹುದು ಎನ್ನುವಂಥ ಕಾಡು.

ಬಂಗಾರಪೇಟೆಯ ‘ಮೇಘಕುಂತಲ ತೈಲ’ದ ಮಾಲೀಕ ರಾಮಚಂದ್ರಪ್ಪ ಆ ಸ್ಲೈಡುಗಳನ್ನು ಬೆಳಕಿಗೆ ಹಿಡಿದು ನೋಡಿ, ತನ್ನ ಎಣ್ಣೆಗೆ ಇಷ್ಟು ಶಕ್ತಿಯಿದೆಯೆಂದು ಮೊದಲ ಸಲ ತಾನೇ ನಂಬಿದ. ಕೋಲಾರ, ಮುಳಬಾಗಿಲು, ಕೆ.ಜಿ.ಎಫ್. ಕಡೆಯ ಇಪ್ಪತ್ತು ಮಂದಿ ಅಂಗಡಿಯವರನ್ನು ಅಂದೇ ಮಧ್ಯಾಹ್ನ ಮೂರು ಗಂಟೆಗೆ ಸ್ಟೇಷನ್ ರಸ್ತೆಯ ಛತ್ರಕ್ಕೆ ಮೊದಲೇ ಕರೆದಿದ್ದ.

“ಬಾಯಲ್ಲಿ ಹೇಳಿದ್ರೆ ಯಾವನೂ ನಂಬಲ್ಲ ಕೋದಂಡ. ಗೋಡೆ ಮೇಲೆ ತೋರಿಸಿದ್ರೆ ನಂಬ್ತಾರೆ. ಈಗ್ಲೇ ರಾಬರ್ಟ್‌ಸನ್‌ಪೇಟೆಗೆ ಹೋಗಿ ಒಳ್ಳೇ ಪ್ರೊಜೆಕ್ಟರ್ ಆರಿಸ್ಕೊಂಡು ಬಾ. ಇವತ್ತಿನ ಕೆಲಸ ಸಲೀಸಾಗಿ ಆದ್ರೆ ನೀನೇ ಜಿಲ್ಲಾ ಏಜೆಂಟು.”

ಕೋದಂಡಪ್ಪ ಒಂಬತ್ತು ವರ್ಷದಿಂದ ಸೈಕಲ್ಲಿಗೆ ಎಣ್ಣೆ ಬಾಟಲಿ ಕಟ್ಟಿಕೊಂಡು ಹಳ್ಳಿ ತಿರುಗುತ್ತಿದ್ದ. ಕುರ್ಚಿಯ ಮೇಲೆ ಕೂತು ಮಾಡುವ ಕೆಲಸವೊಂದು ಭೂಮಿಯ ಮೇಲಿದೆ, ಅದು ತನಗೂ ಸಿಗಬಹುದು ಎಂದು ಅವನು ಕೇಳಿದ್ದು ಅದೇ ಮೊದಲು. ಪ್ರೊಜೆಕ್ಟರು ಎಂದರೆ ದುಂಡಗಿರುತ್ತದೋ ಚಚ್ಚೌಕವೋ ಎಂಬುದೂ ಅವನಿಗೆ ಗೊತ್ತಿರಲಿಲ್ಲ. ಆದರೂ “ಆಗ್ಲಿ ಸಾವ್ಕಾರ್ರೇ” ಎಂದುಬಿಟ್ಟ.

ಪಕ್ಕದ ಕ್ಷೌರದಂಗಡಿಯ ಮುನಿಶಾಮಿಗೆ ಇದೆಲ್ಲ ಕೇಳಿಸಿತ್ತು. ಗಿರಾಕಿಯೊಬ್ಬನ ಒಂದು ಕೆನ್ನೆಯನ್ನು ನೊರೆಯಲ್ಲೇ ಬಿಟ್ಟು ಓಡಿ ಬಂದ.

“ನೀನೊಬ್ನೇ ಓದ್ರೆ ಟೋಪಿ ಹಾಕ್ತಾರೆ ಕಣ್ಲಾ! ನಾನೂ ಬತ್ತೀನಿ. ಟೆಂಟ್ ಸಿನಿಮಾದಾಗೆ ಮಷೀನ್ ಪಕ್ಕದಲ್ಲೇ ಕೂತು ನೋಡಿರೋನು ನಾನು. ನಿಮ್ಮೆಣ್ಣೆಯಿಂದ ಊರಾಗೆಲ್ಲ ಕೂದ್ಲು ಬೆಳೆದ್ರೆ ನಂಗೂ ಒಳ್ಳೇದೇ ಅಲ್ವೇನ್ಲಾ?”

ಮಾರಿಕುಪ್ಪಂ ರೈಲು ಹತ್ತಿದ್ದೇ ತಡ, ಮುನಿಶಾಮಿ ಇಡೀ ಡಬ್ಬಿಗೆ ಪ್ರೊಜೆಕ್ಟರಿನ ವಿಷಯ ಉಪನ್ಯಾಸ ಮಾಡಿದ. ಇಳಿಯುವ ಹೊತ್ತಿಗೆ ಕೋದಂಡಪ್ಪನಿಗೆ ಮೊದಲಿದ್ದ ಅಜ್ಞಾನದ ಜೊತೆಗೆ ಗೊಂದಲವೂ ಸೇರಿತ್ತು.

ರಾಬರ್ಟ್‌ಸನ್‌ಪೇಟೆಯಲ್ಲಿ ಮೈಕು, ಗ್ಯಾಸ್‌ಲೈಟು ಬಾಡಿಗೆಗೆ ಕೊಡುತ್ತಿದ್ದ ಪೆರುಮಾಳ್ ಬಳಿ ಪ್ರೊಜೆಕ್ಟರುಗಳಿದ್ದವು. ಅವನು ಗಿರಾಕಿಗಳನ್ನು ವೈದ್ಯ ರೋಗಿಯನ್ನು ಕೇಳಿದ ಹಾಗೆ ಕೇಳಿದ.

“ಎಷ್ಟು ಜನ ನೋಡ್ತಾರೆ ಸಾರ್?”

“ಇಪ್ಪತ್ತು.”

“ಮಷೀನಿಗೂ ಪರದೆಗೂ ಎಷ್ಟಡಿ ದೂರ? ರೂಮಲ್ಲಿ ಕಿಟಕಿ ಎಷ್ಟು? ಕರೆಂಟ್ ಎಂಗೆ?”

ಕೋದಂಡಪ್ಪ ಮುನಿಶಾಮಿಯ ಮುಖ ನೋಡಿದ. ಮುನಿಶಾಮಿ ಸೂರು ನೋಡಿದ.

“ಅಡಡಾ! ದೀಪ ಎಷ್ಟೇ ಜೋರಾಗಿರ್ಲಿ ಸಾರ್, ರೂಮು ಕತ್ಲಾಗಿಲ್ಲಾಂದ್ರೆ ಹಗಲೊತ್ತು ನಕ್ಷತ್ರ ಹುಡುಕಿದಂಗೆ. ಕಿಟಕಿಗೆಲ್ಲ ಕಂಬಳಿ ಕಟ್ಬಿಡಿ. ಆಟ ನಾಲ್ಕು ಗಂಟೆಯೊಳಗೆ ಮುಗಿಸಿ. ನಿಮ್ ಬಂಗಾರಪೇಟೆ ಕರೆಂಟು ಸಾಯಂಕಾಲಕ್ಕೆ ನೀರು ಮಜ್ಜಿಗೆ ಆಗೋಗುತ್ತೆ.”

ಹೀಗೆಂದು ಮೂರು ಪೆಟ್ಟಿಗೆಗಳನ್ನು ಈಚೆಗಿಟ್ಟ. ಒಂದು, ಯಾವುದೋ ಪಾದ್ರಿಯ ಕಾಲದ್ದು. ಸೀಮೆಎಣ್ಣೆ ದೀಪ, ಕರೆಂಟು ಬೇಡ. ಆದರೆ ಚಿತ್ರಕ್ಕಿಂತ ಹೊಗೆಯೇ ಹೆಚ್ಚು. ಎರಡನೆಯದು ಕರೆಂಟಿನದು. ಸ್ಲೈಡನ್ನು ಒಂದೊಂದಾಗಿ ಕೈಯಲ್ಲೇ ಹಾಕಿ ತೆಗೆಯಬೇಕು. ಮೂರನೆಯದು ಹೊಸದು, ಮದುವೆ ಗಂಡಿನಂತೆ ಮಿರಮಿರ ಮಿಂಚುತ್ತಿತ್ತು. ಸ್ಲೈಡುಗಳನ್ನೆಲ್ಲ ಉದ್ದನೆಯ ತಟ್ಟೆಯೊಂದರಲ್ಲಿ ಒಟ್ಟಿಗೆ ಜೋಡಿಸಿಟ್ಟು ಹಿಡಿ ಎಳೆದರೆ ಸಾಕು, ಒಂದರ ಹಿಂದೊಂದು ತಾನಾಗಿಯೇ ಬರುತ್ತಿದ್ದವು.

“ನನ್ ಮಾತು ಕೇಳಿ ಸಾರ್, ಎರಡನೇದು ತಗೊಳ್ಳಿ” ಎಂದ ಪೆರುಮಾಳ್. “ತಪ್ಪಾದ್ರೆ ತೆಗೆದು ಸರಿ ಮಾಡ್ಕೋಬಹುದು. ಮೂರನೇದು ಮುಂದಕ್ಕೆ ಮಾತ್ರ ಓಗುತ್ತೆ, ಇಂದಕ್ಕೆ ಬರಲ್ಲ.”

“ಒಂದೊಂದಾಗಿ ಹಾಕಿ ತೆಗಿಯೋಕೆ ಅದೇನು ದೋಸೆನಾ?” ಮುನಿಶಾಮಿ ಗುಡುಗಿದ. “ಜಿಲ್ಲಾ ಏಜೆಂಟು ಆಗೋನು ಕೈಯಾಗೆ ಗಾಜಿಡ್ಕೊಂಡು ನಿಂತ್ರೆ ಮರ್ಯಾದೆ ಉಳಿತದಾ? ಮೂರನೇದು ಕೊಡಯ್ಯ!”

ಸಾವ್ಕಾರ್ರ ಎದುರಿಗೆ ತನ್ನ ಕೈ ನಡುಗಿ ಗಾಜು ಬಿದ್ದೀತೆಂಬ ಭಯ ಕೋದಂಡಪ್ಪನಿಗೂ ಇತ್ತು. ಮೂರನೆಯದನ್ನೇ ಆರಿಸಿದ.

ಪೆರುಮಾಳ್ ನಿಟ್ಟುಸಿರಿಟ್ಟು, ಅವರಿಬ್ಬರೂ ಹೊರಡುವಾಗ ಒಂದೇ ಮಾತು ಹೇಳಿದ: “ಮರೀಬೇಡಿ, ಸ್ಲೈಡ್ ತಲೆಕೆಳಗಾಗಿ ಹಾಕ್ಬೇಕು. ಆಗ್ಲೇ ಪರದೆ ಮೇಲೆ ನೆಟ್ಟಗೆ ಕಾಣ್ಸೋದು.”

ವಾಪಸು ರೈಲಿನಲ್ಲಿ ಅಜ್ಜಿಯೊಬ್ಬಳು ಕೋಳಿಬುಟ್ಟಿಯನ್ನು ಆ ಮಷೀನಿನ ಮೇಲಿಟ್ಟು ನಿದ್ದೆ ಹೋದಳು. ಕೋದಂಡಪ್ಪ ದಾರಿಯುದ್ದಕ್ಕೂ ಆ ಬುಟ್ಟಿಯನ್ನು ಒಂದು ಗೇಣು ಮೇಲಕ್ಕೆತ್ತಿ ಹಿಡಿದೇ ನಿಂತಿದ್ದ. ಮಂತ್ರದಂತೆ ಅವನ ಬಾಯಲ್ಲಿದ್ದದ್ದು ಒಂದೇ: “ತಲೆಕೆಳಗು, ತಲೆಕೆಳಗು.”

ಛತ್ರಕ್ಕೆ ಬಂದು ಕಿಟಕಿಗಳಿಗೆ ಕಂಬಳಿ ಕಟ್ಟಿ, ಇಡ್ಲಿ ಹೋಟೆಲಿನ ಪಾಪಕ್ಕನ ಮನೆಯಿಂದ ಬಿಳಿ ದುಪ್ಪಟಿ ತಂದು ಗೋಡೆಗೆ ಹೊಡೆಯುವಷ್ಟರಲ್ಲಿ ಅಂಗಡಿಯವರೆಲ್ಲ ಬಂದು ಕೂತಿದ್ದರು. ಕಂಬಳಿಯ ಸೆಕೆಗೆ ಛತ್ರ ಬಾಣಂತಿಕೋಣೆಯಾಗಿತ್ತು. ಕೋದಂಡಪ್ಪ ಗಡಿಬಿಡಿಯಲ್ಲಿ ಪೆಟ್ಟಿಗೆಯಿಂದ ಸ್ಲೈಡುಗಳ ಕಂತೆಯನ್ನು ತೆಗೆದ. ಒಂದೊಂದಾಗಿ ತಿರುಗಿಸುವಷ್ಟು ತಾಳ್ಮೆ ಯಾರಿಗಿದೆ? ಇಡೀ ಕಂತೆಯನ್ನೇ ಬೋರಲು ಮಗುಚಿ ತಟ್ಟೆಯಲ್ಲಿ ಜೋಡಿಸಿಬಿಟ್ಟ. ಸ್ಲೈಡುಗಳೇನೋ ತಲೆಕೆಳಗಾದವು. ಅದರ ಜೊತೆಗೆ ಕೊನೆಯದು ಮೊದಲಾಯಿತು, ಮೊದಲಿನದು ಕೊನೆಯಾಯಿತು.

ರಾಮಚಂದ್ರಪ್ಪ ಪರದೆಗೆ ಬೆನ್ನು ಮಾಡಿ, ಜನರಿಗೆ ಮುಖ ಮಾಡಿ ನಿಂತ. ಭಾಷಣವನ್ನು ಮೂರು ದಿನ ಕೂತು ಉರು ಹೊಡೆದಿದ್ದ. ತಿರುಗಿ ನೋಡಿದರೆ ಎಲ್ಲಿ ಮರೆತುಹೋಗುತ್ತದೋ ಎಂದು ನೋಟವನ್ನು ಎದುರಿನ ಕಂಬಕ್ಕೆ ನೆಟ್ಟಿದ್ದ.

“ಮಹನೀಯರೇ, ಈ ದೌರ್ಭಾಗ್ಯವಂತನ ತಲೆಯನ್ನೊಮ್ಮೆ ನೋಡಿ!”

ಕೋದಂಡಪ್ಪ ಹಿಡಿ ಎಳೆದ. ಪರದೆಯ ಮೇಲೆ ದಟ್ಟ ಕೂದಲಿನ ಸುಂದರಾಂಗ ಮುಗುಳ್ನಗುತ್ತ ಬಂದು ನಿಂತ.

“ಅಯ್ಯೋ ಪಾಪ, ಅನ್ನಿಸೋದಿಲ್ಲವೇ? ಈಗ ಒಂದೇ ತಿಂಗಳು ನಮ್ಮ ತೈಲ ಹಚ್ಚಿದಾನೆ. ಬದಲಾವಣೆ ನೋಡಿ!”

ಕೋದಂಡಪ್ಪನಿಗೆ ತನ್ನ ತಪ್ಪು ಹೊಳೆಯಿತು. ಹಿಡಿಯನ್ನು ಹಿಂದಕ್ಕೆ ತಳ್ಳಿದ. ತಟ್ಟೆ ಕಟಕ್ಕೆಂದು ಮುಂದಕ್ಕೇ ಹೋಯಿತು. ಪರದೆಯ ಮೇಲಿನ ಕಾಡು ಅರ್ಧಕ್ಕಿಳಿಯಿತು. ಜನ “ಆಹಾ” ಎಂದರು. ರಾಮಚಂದ್ರಪ್ಪನಿಗೆ ಅದು ಮೆಚ್ಚುಗೆಯಾಗಿ ಕೇಳಿಸಿತು.

ಕೋದಂಡಪ್ಪ ಹಿಂದಿನಿಂದ ಎರಡೂ ಕೈ ಆಡಿಸಿ, ತಿರುಗಿ ನೋಡಿ ಎಂದು ಸನ್ನೆ ಮಾಡಿದ. ಇನ್ನೂ ಗಟ್ಟಿಯಾಗಿ ಹೇಳೆನ್ನುತ್ತಿದ್ದಾನೆ ಎಂದುಕೊಂಡ ರಾಮಚಂದ್ರಪ್ಪ ದನಿ ಏರಿಸಿದ.

“ಎರಡು ತಿಂಗಳು! ಮೂರು ತಿಂಗಳು! ಇವನ ಹೆಂಡ್ತಿಗೇ ಇವನ ಗುರುತು ಸಿಗಲಿಲ್ಲ! ಎಳೆಯೋ ಕೋದಂಡ, ಎಳಿ!”

ಎಳೆದ ಹಾಗೆಲ್ಲ ಕೂದಲು ಸುಗ್ಗಿಯ ಹೊಲದಂತೆ ಖಾಲಿಯಾಗುತ್ತ ಬಂತು. ಕೊನೆಗೆ ತಲೆ ತಾಮ್ರದ ಚೊಂಬಿನಂತೆ ಫಳಫಳಿಸಿತು.

“ಇದು ಮೇಘಕುಂತಲದ ಮಹಿಮೆ! ಇಂಥ ತಲೆ ನಿಮಗೂ ಬೇಡವೇ?”

ಛತ್ರ ಬಿದ್ದು ಬಿದ್ದು ನಕ್ಕಿತು. ಆಗ ತಿರುಗಿ ನೋಡಿದ ರಾಮಚಂದ್ರಪ್ಪನ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಅಂಗಡಿಯವರು ಹೆಗಲಿನ ಟವೆಲು ಕೊಡವಿ ಎದ್ದರು. ಮುನಿಶಾಮಿಯಂತೂ ಮುಂದೆ ಬಂದು, “ಥೂ ನಿನ್ನ! ನನ್ನ ಒಟ್ಟೆ ಮೇಲೆ ಒಡಿಯೋಕೆ ನನ್ನೇ ಕರ್ಕೊಂಡು ಓಗಿದ್ಯೇನ್ಲಾ?” ಎಂದು ಕಿರುಚಿದ.

ಕುರ್ಚಿ ಕೈಜಾರುತ್ತಿರುವುದು ಕೋದಂಡಪ್ಪನಿಗೆ ಕಣ್ಣಾರೆ ಕಂಡಿತು. ಬಾಗಿಲಿಗೆ ಅಡ್ಡ ನಿಂತು ಕೈಮುಗಿದ.

“ಓಗ್‌ಬ್ಯಾಡ್ರಿ ಅಣ್ಣಾ! ತಪ್ಪು ನಂದು. ಚಿತ್ರಗಳ್ನ ಇಂದುಮುಂದು ಹಾಕ್ಬಿಟ್ಟೆ. ಎಣ್ಣೆ ಬಂಗಾರದಂತಾದ್ದು. ನಂಬಿಕೆ ಇಲ್ವಾ? ತಗೊಳ್ಳಿ, ನಿಮ್ಮೆದುರಿಗೇ ನನ್ ತಲೆಗೆ ಹಚ್ಕೊಂತೀನಿ. ಒಂದೆಳೆ ಕೂದ್ಲು ಉದುರಿದ್ರೆ ಕೇಳಿ!”

ಆ ವಾರವಷ್ಟೇ ತಯಾರಾಗಿ, ಮಾರಾಟಕ್ಕೆಂದು ಛತ್ರಕ್ಕೆ ಬಂದಿದ್ದ ಹೊಸ ಡಬ್ಬದಿಂದ ಒಂದು ಬಾಟಲಿ ತುಂಬಿಸಿ ಪೂರ್ತಿ ತಲೆಗೆ ಸುರಿದುಕೊಂಡ. ಗಸಗಸ ತಿಕ್ಕಿ ಟವೆಲು ಬಿಗಿದು ಕೂತ. ಅವನ ಧೈರ್ಯಕ್ಕೆ ಮಣಿದು ಅಂಗಡಿಯವರೂ ಕೂತರು. ಪಾಪಕ್ಕ ಕಾಫಿ ತಂದಳು.

ಕಾಫಿ ಮುಗಿಯುವಷ್ಟರಲ್ಲಿ ಕೋದಂಡಪ್ಪನ ನೆತ್ತಿ ಚುರುಗುಟ್ಟತೊಡಗಿತು. ಮೆಲ್ಲಗೆ ಪಿಸುಗುಟ್ಟಿದ: “ಸಾವ್ಕಾರ್ರೇ, ಉರೀತದೆ.”

“ಅದೇ ಕಣೋ, ಬೇರು ಬಿಡ್ತಿರೋದು. ಸುಮ್ನೆ ಕೂತ್ಕೋ.”

ಅರ್ಧ ಗಂಟೆಯಾದ ಮೇಲೆ ಕೋದಂಡಪ್ಪ ಎದ್ದು ನಿಂತು, ಎಲ್ಲರಿಗೂ ಕಾಣುವಂತೆ ಠೀವಿಯಿಂದ ಟವೆಲು ಬಿಚ್ಚಿದ. ಟವೆಲಿನ ಜೊತೆಗೇ ಕೂದಲೂ ಬಂತು. ಇಡಿಯಾಗಿ, ಹೇಂಟೆಯ ಗೂಡಿನಂತೆ.

ಯಾರೂ ನಗಲಿಲ್ಲ. ನಗಲಾರದಷ್ಟು ಬೆರಗಾಗಿದ್ದರು. ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು. ಉಳಿದವನು ಒಬ್ಬನೇ, ಆಂಡರ್ಸನ್‌ಪೇಟೆಯ ಆರುಮುಗಂ. ಕಿರಾಣಿ ಅಂಗಡಿಯ ಜೊತೆಗೆ ತೊಗಲಿನ ವ್ಯಾಪಾರವನ್ನೂ ಇಟ್ಟುಕೊಂಡಿದ್ದವನು. ಅವನು ಕೋದಂಡಪ್ಪನ ತಲೆಯ ಮೇಲೆ ಬೆರಳಾಡಿಸಿ, ಮೂಸಿ ನೋಡಿದ.

“ಸುಣ್ಣ ಹಾಕಿದ್ದೀರಾ?”

ರಾಮಚಂದ್ರಪ್ಪ ತಲೆ ತಗ್ಗಿಸಿದ. “ಎಣ್ಣೆ ಮಂದ ಕಾಣ್ಲಿ ಅಂತ ಈ ಸಲ ಸುಣ್ಣದ ತಿಳಿ ಸ್ವಲ್ಪ ಹೆಚ್ಚಾಗೇ ಬೆರೆಸಿದ್ದೆ. ಯಾರಿಗೂ ಹೇಳ್ಬೇಡಪ್ಪ.”

“ಏಳೋದ್ಯಾಕೆ? ಆಡಿನ ತೊಗಲಿಂದ ಕೂದ್ಲು ಬಿಡಿಸೋಕೆ ನಾವು ಹತ್ತು ದಿವಸ ಸುಣ್ಣದ ಗುಂಡೀಲಿ ಹಾಕಿ ಒದ್ದಾಡ್ತೀವಿ. ನಿಮ್ದು ಅರ್ಧ ಗಂಟೆ! ರೊಂಬ ಚೆನ್ನಾಗದೆ. ಇಂಗೇ ಮಾಡಿ ಐವತ್ತು ಡಬ್ಬ ಕಳಿಸಿ. ವಾಣಿಯಂಬಾಡಿಯಲ್ಲಿ ನಮ್ ಜನ ಬಾಳಾ ಇದಾರೆ, ಎಲ್ರೂ ತಗೊಂತಾರೆ.”

ರಾಮಚಂದ್ರಪ್ಪನ ಮುಖ ದೀಪಾವಳಿಯಾಯಿತು. ಆರುಮುಗಂ ಹೋದ ಮೇಲೆ ಕೋದಂಡಪ್ಪನನ್ನು ಬಾಚಿ ತಬ್ಬಿಕೊಂಡ.

“ಕೋದಂಡಾ, ನನ್ನ ಮನೆ ದೇವರು ಕಣೋ ನೀನು! ಜಿಲ್ಲಾ ಏಜೆಂಟು ಏನು ಬಂತು, ಮದರಾಸು ಸೀಮೆಗೂ ನೀನೇ ಏಜೆಂಟು. ಬರೋ ಶನಿವಾರ ವಾಣಿಯಂಬಾಡಿಲಿ ತೊಗಲಿನವ್ರ ಸಭೆ ಸೇರಿಸ್ತೀನಿ.”

ಕೋದಂಡಪ್ಪ ಉರಿಯುವ ನೆತ್ತಿಯನ್ನು ಟವೆಲಿನಿಂದ ಒತ್ತಿಕೊಳ್ಳುತ್ತ, ಸೋತ ದನಿಯಲ್ಲಿ ಕೇಳಿದ: “ಪ್ರೊಜೆಕ್ಟರು ಯಾವುದು ತರ್ಲಿ ಸಾವ್ಕಾರ್ರೇ? ಈ ಸಲ ಎರಡನೇದೇ ತತ್ತೀನಿ.”

“ಪ್ರೊಜೆಕ್ಟರ್ ಯಾಕೋ? ಕಣ್ಣೆದುರಿಗೆ ಮಾಡಿ ತೋರ್ಸಿದ ಮೇಲೆ ಅದೆಲ್ಲ ಯಾಕೆ?” ಎಂದ ರಾಮಚಂದ್ರಪ್ಪ. ಎರಡು ಹೆಜ್ಜೆ ಹಿಂದೆ ಸರಿದು ಅವನ ಮುಖವನ್ನೇ ಅಳೆಯುವಂತೆ ನೋಡಿದ.

“ತಲೆ ಇವತ್ತೇ ಖರ್ಚಾಗೋಯ್ತು, ಹೋಗ್ಲಿ. ಶನಿವಾರದ ತನಕ ಆ ಮೀಸೆನ ಮಾತ್ರ ಜೋಪಾನವಾಗಿಟ್ಕೋ.”