ಹೆಬ್ಬೆರಳಿನ ಕೆಳಗಿನ ಎರಡು ಎಳ್ಳುಕಾಳಿಗೆ

ನನ್ನ ಬಲಗಾಲಿನ ಹೆಬ್ಬೆರಳಿನ ಬುಡದಲ್ಲಿ, ಅಂಗಾಲಿನ ಕಡೆಗೆ, ಹೇಳದೆ ಕೇಳದೆ ನಲವತ್ತೇಳು ವರ್ಷಗಳಿಂದ ವಾಸವಾಗಿರುವ ಜೋಡಿ ಎಲುಬುಗಳ ಸನ್ನಿಧಾನಕ್ಕೆ,

ಮಾನ್ಯರೇ,

ಸಿಂಧನೂರಿನಿಂದ ದಿನಾಲೂ ಬಸ್ಸು ಹಿಡಿದು ಮಸ್ಕಿ ಹತ್ತಿರದ ಹೈಸ್ಕೂಲೊಂದಕ್ಕೆ ಗಣಿತ ಕಲಿಸಲು ಹೋಗುವ, ನಾಲ್ಕು ಅಡಿ ಎಂಟು ಇಂಚು ಎತ್ತರದ ಜಯಶ್ರೀ ಎಂಬ ನಾನು, ತಮ್ಮನ್ನು ಇಷ್ಟು ಕಾಲ ಜೊತೆಗಿಟ್ಟುಕೊಂಡು ತಿರುಗಿಯೂ ಒಮ್ಮೆಯೂ ಕ್ಷೇಮ ವಿಚಾರಿಸದ ತಪ್ಪಿಗೆ ಮೊದಲು ಕ್ಷಮೆ ಕೇಳಿ, ಆಮೇಲೆ ಜಗಳಕ್ಕೆ ಬರುತ್ತೇನೆ. ತಾವು ಇದ್ದೀರಿ ಎಂಬುದೇ ನನಗೆ ಗೊತ್ತಿರಲಿಲ್ಲ. ನಮ್ಮ ಶಾಲೆಯ ಗೋಡೆಗೆ ನೇತುಹಾಕಿದ ಅಸ್ಥಿಪಂಜರದ ಚಿತ್ರದಲ್ಲೂ ತಮ್ಮ ಹೆಸರಿಲ್ಲ. ಇಂಥ ಪ್ರಚಾರ ಬಯಸದ ವಿನಯವಂತರು ನನ್ನ ಮೈಯಲ್ಲೇ ಇದ್ದಾರೆಂದು ತಿಳಿದು ಹೆಮ್ಮೆಪಡಬೇಕೆನ್ನುವಷ್ಟರಲ್ಲಿ ನನಗೆ ಕಾಲೂರಲು ಆಗುತ್ತಿರಲಿಲ್ಲ.

ತಮ್ಮ ಗುರುತು ಹಿಡಿಯಲು ಮೂರು ಊರು ಬೇಕಾದವು. ಮಸ್ಕಿಯಲ್ಲಿ ಒಬ್ಬರು ತಮ್ಮನ್ನು ಆಣಿ ಎಂದು ಕರೆದು ಮೇಲೊಂದು ಪಟ್ಟಿ ಅಂಟಿಸಿದರು. ಲಿಂಗಸುಗೂರಿನಲ್ಲಿ ಇನ್ನೊಬ್ಬರು ಯೂರಿಕ್ ಆ್ಯಸಿಡ್ ಎಂದು ಬೇಳೆ ತಿನ್ನುವುದನ್ನೇ ಬಿಡಿಸಿದರು. ಒಂದು ತಿಂಗಳು ನಾನು ನೀರುಸಾರು ಉಂಡು ಸೊರಗಿದೆ, ತಾವು ಮಾತ್ರ ಚೆನ್ನಾಗಿ ಉಬ್ಬಿದಿರಿ. ಕೊನೆಗೆ ಸಿಂಧನೂರಿನ ಎಲುಬಿನ ಡಾಕ್ಟರು ಅನುಪಮಾ ಎಕ್ಸ್-ರೇ ನೋಡಿ, "ಹೆಬ್ಬಟ್ಟಿನ ಕೆಳಗ ಎಳ್ಳಿನಂಗ ಎರಡು ಸಣ್ಣ ಎಲುಬು ಇರತಾವ್ರಿ, ಅದ್ರಾಗಿಂದೊಂದು ಎಲುಬು ಎರಡು ತುಂಡಾಗೈತಿ" ಎಂದರು. ಕೆಲವರಿಗೆ ಹುಟ್ಟಿನಿಂದಲೇ ಹಾಗಿರುವುದುಂಟಂತೆ. ಅದಕ್ಕೆಂದು ಎಡಗಾಲಿಗೂ ಎಕ್ಸ್-ರೇ ಆಯಿತು. ಅಲ್ಲಿಯ ತಮ್ಮ ಬಂಧುಗಳು ಅಖಂಡವಾಗಿದ್ದರು, ತಮ್ಮ ಅಂಚುಗಳು ಚೂಪಾಗಿದ್ದವು. ಅಂದಮೇಲೆ ತಾವು ಒಡೆದದ್ದು ಈಚೆಗೆ ಎಂದಾಯಿತು. ಮಸ್ಕಿ ಹೊಸ ತಾಲ್ಲೂಕಾದಾಗಲೂ ಮೊದಲು ಒಂದು ಅಧಿಸೂಚನೆ ಹೊರಟಿತ್ತು. ತಾವು ಯಾರ ಆಕ್ಷೇಪಣೆಯನ್ನೂ ಕರೆಯದೆ ವಿಭಜನೆಯಾಗಿದ್ದೀರಿ.

ನನ್ನ ಅತ್ತೆ ಅಮರಮ್ಮನವರು ಡಾಕ್ಟರ ಅಷ್ಟೂ ಮಾತಿನಲ್ಲಿ ಕೇಳಿಸಿಕೊಂಡದ್ದು ಎಳ್ಳು ಎಂಬುದೊಂದನ್ನೇ. "ಎಳ್ಳಂದ್ರ ಶನಿಕಾಟನ ಅದು" ಎಂದು ತೀರ್ಮಾನಿಸಿ, ಮೂರು ಶನಿವಾರ ಹನುಮಪ್ಪನ ಗುಡಿಯಲ್ಲಿ ಎಳ್ಳೆಣ್ಣೆಯ ದೀಪ ಹಚ್ಚಿದರು. ಸಾಲದ್ದಕ್ಕೆ ನನ್ನ ಸಜ್ಜಿ ರೊಟ್ಟಿಗೆ ಎಳ್ಳು ಹಚ್ಚುವುದನ್ನೂ ನಿಲ್ಲಿಸಿ, "ಒಳಗ ಇದ್ದವ ಸಾಕಾಗ್ಯಾವ, ಮತ್ತಷ್ಟು ಯಾಕ ನುಂಗತಿ?" ಎಂದರು. ತಮಗೆ ನನ್ನ ಮೇಲೆ ಎಳ್ಳಷ್ಟೂ ಕನಿಕರವಿಲ್ಲವೆಂಬುದನ್ನು ಬೋಳು ರೊಟ್ಟಿ ಮುರಿಯುವಾಗಲೆಲ್ಲ ನೆನೆಯುತ್ತೇನೆ.

ಇಷ್ಟನ್ನೂ ನುಂಗಿಕೊಳ್ಳುತ್ತಿದ್ದೆ. ಆದರೆ ಡಾಕ್ಟರು, "ಆರು ವಾರ ಹಿಮ್ಮಡಿ ಎತ್ತಂಗಿಲ್ಲ, ತುದಿಗಾಲಿಲೆ ನಿಂತ್ರ ಎಲುಬು ತಗೀಬೇಕಾಗ್ತೈತಿ ನೋಡ್ರಿ" ಎಂದುಬಿಟ್ಟರು. ನನ್ನ ನೌಕರಿಯ ಮರ್ಯಾದೆ ಪೂರ್ತಿ ನಿಂತಿರುವುದೇ ತುದಿಗಾಲಿನ ಮೇಲೆ ಎಂಬುದು ಆಕೆಗೆ ಹೇಗೆ ತಿಳಿಯಬೇಕು?

ಇಪ್ಪತ್ತೆರಡು ವರ್ಷಗಳ ಹಿಂದೆ ನಾನು ಹಾಜರಾದ ದಿನ, ಆಗಿನ ಹೆಡ್‌ಮಾಸ್ಟರ್ ವಿರೂಪಾಕ್ಷಪ್ಪನವರು, ಆರಡಿ ಆಳು, ತಮ್ಮದೇ ಎತ್ತರಕ್ಕೆ ಸರಿಯಾಗಿ ಗೋಡೆಗೆ ಬೋರ್ಡು ಹೊಡೆಸಿಕೊಂಡವರು, ಸ್ಟಾಫ್ ರೂಮಿನಲ್ಲಿ ಎಲ್ಲರೆದುರು, "ಬೋರ್ಡು ಎಟಕ್ತೈತೇನ್ರಿ ಮೇಡಮ್ಮೋರ, ಇಲ್ಲಂದ್ರ ಸ್ಟೂಲ್ ತರಸ್ಲೇನು?" ಎಂದು ಕೇಳಿದರು. ಎಲ್ಲರೂ ನಕ್ಕರು. ಸಿಟ್ಟು ನೆತ್ತಿಗೇರಿತು. ಅವತ್ತಿನಿಂದ ಇವತ್ತಿನವರೆಗೆ ಸ್ಟೂಲು ಮುಟ್ಟದೆ, ಪ್ರತಿ ಪೀರಿಯಡ್ಡಿನ ಮೊದಲ ಸಾಲನ್ನು ಬೋರ್ಡಿನ ಕಟ್ಟಿಗೆಯ ಅಂಚಿಗೆ ಹತ್ತಿಸಿಯೇ ಬರೆದಿದ್ದೇನೆ. ಆ ಸಾಲಿಗೆ ನನ್ನನ್ನು ಎತ್ತಿ ಹಿಡಿದವರು ತಾವೇ ಎಂದು ಈಗ ತಿಳಿಯಿತು. ಹಿಡಿದಷ್ಟು ದಿನ ಮಹಾರಾಯರು. ಬಿಟ್ಟಾಗ ಒಂದು ಮಾತು ಹೇಳಬಾರದಿತ್ತೆ?

ಆದ್ದರಿಂದ ನನ್ನ ನಮ್ರ ಬಿನ್ನಹಗಳನ್ನು ಪರಿಶೀಲಿಸಬೇಕು. ಶಾಲೆಯ ಹೊತ್ತಿನಲ್ಲಿ ಒಂದಾಗಿದ್ದು, ಬೇಕಾದರೆ ರವಿವಾರ ಒಡೆದುಕೊಳ್ಳಿ. ಅದು ಆಗದಿದ್ದರೆ ನನಗೆ ಐದು ಇಂಚು ಎತ್ತರವನ್ನು ಹಿಂದಿನ ದಿನಾಂಕದಿಂದ ಜಾರಿಗೆ ಬರುವಂತೆ ಮಂಜೂರು ಮಾಡಿ. ಅದೂ ತಮ್ಮ ಅಧಿಕಾರಕ್ಕೆ ಮೀರಿದ್ದಾದರೆ, ನಿವೃತ್ತರಾಗಿ ಲಿಂಗಸುಗೂರಿನಲ್ಲಿ ಆರಾಮಾಗಿರುವ ವಿರೂಪಾಕ್ಷಪ್ಪನವರ ಹೆಬ್ಬೆರಳಿಗೆ ಕೂಡಲೇ ವರ್ಗ ಮಾಡಿಸಿಕೊಳ್ಳಿ.

ಹೀಗೆ ಬರೆದು ಮುಗಿಸಬೇಕೆಂದಿದ್ದೆ. ಆದರೆ ನಿನ್ನೆ, ಕಾಲಿನ ರಜೆ ಮುಗಿಸಿ ಹೋದ ಮೊದಲ ದಿನ, ಹತ್ತನೆಯ ತರಗತಿಯಲ್ಲಿ, ಬೇರೆ ದಾರಿಯಿಲ್ಲದೆ, ಎರಡೂ ಹಿಮ್ಮಡಿ ನೆಲಕ್ಕೂರಿ, ಮೊದಲ ಸಾಲನ್ನು ನನ್ನ ಕಣ್ಣಿನ ಮಟ್ಟದಲ್ಲಿ ಬರೆದೆ. ಮಕ್ಕಳು ನಗುವುದನ್ನೇ ಕಾಯುತ್ತ ತಿರುಗಿ ನಿಂತೆ. ಕೊನೆಯ ಬೆಂಚಿನ ಶಾಹೀಸ್ತಾ ಎದ್ದಳು: "ಮೇಡಂ, ಇವತ್ತ ಮೊದಲ್ನೇ ಸಾಲು ಕಾಣಾಕತ್ತೈತ್ರಿ."

ಬೋರ್ಡಿನ ಮೇಲಿನ ಒಂದಡಿಗೆ ಎದುರಿನ ಬೆಳಕಿಂಡಿಯ ಬಿಸಿಲು ಹೊಡೆಯುತ್ತದಂತೆ. ಅಲ್ಲಿ ಏನು ಬರೆದರೂ ಬರೀ ಹೊಳಪು. ಹಾಗಾದರೆ ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದೆ. "ನೀವು ಬಾಯಿಲೆ ಹೇಳ್ತಿದ್ರಲ್ರಿ, ಕೇಳಿ ಬರ್ಕೋತಿದ್ವಿ" ಎಂದಳು. ಈ ಮಾತನ್ನು ಇಪ್ಪತ್ತೆರಡು ವರ್ಷಗಳಲ್ಲಿ ಯಾವ ಮಗುವೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು. ತಮ್ಮನ್ನು ಮುರಿಯುವಷ್ಟು ತುಳಿದು ಬರೆದ ಆ ಸಾಲು ಒಬ್ಬ ಮನುಷ್ಯನಿಗೆ ಕೊಟ್ಟ ಉತ್ತರವಾಗಿತ್ತು, ಆ ಮನುಷ್ಯ ನಿವೃತ್ತನಾಗಿ ಒಂಬತ್ತು ವರ್ಷವಾಯಿತು. ಮೇಲಿನ ಬಿನ್ನಹಗಳನ್ನೆಲ್ಲ ವಾಪಸು ಪಡೆದಿದ್ದೇನೆ. ತಾವು ಕೂಡಿಕೊಳ್ಳಿ, ಅಷ್ಟು ಸಾಕು.

ಹಿಮ್ಮಡಿಯೂರಿ ನಿಂತಿರುವ,
ತಮ್ಮ ವಿಶ್ವಾಸಿ,
ಜಯಶ್ರೀ

ತಾ.ಕ.: ಬೋರ್ಡಿನ ಮೇಲಿನ ಒಂದಡಿ ಜಾಗವನ್ನು ಮಾನ್ಯ ವಿರೂಪಾಕ್ಷಪ್ಪನವರ ಸೇವೆಯ ನೆನಪಿಗೆಂದು ಖಾಲಿ ಬಿಟ್ಟಿದ್ದೇನೆ. ಸದ್ಯ ಅಲ್ಲೊಂದು ಹಲ್ಲಿ ಬಂದು ಕೂತಿದೆ. ಅದಕ್ಕೆ ಯಾರೂ ಸ್ಟೂಲು ಬೇಕೇ ಎಂದು ಕೇಳಿಲ್ಲ.